3200 ರ‍್ಯಾಮ್ ಹಾಕಿದರೂ 2667 ಯಾಕೆ? 8+16 ಜಿಬಿ, ಐ5-1135ಜಿ7

ಬಿಎಂ_ರೋಡ್, ಹಾಸನ

ಲ್ಯಾಪ್‌ಟಾಪ್ ವಿವರ: ಇಂಟೆಲ್ ಐ5-1135ಜಿ7, ಎರಡು ರ‍್ಯಾಮ್ ಸ್ಲಾಟ್, ಬೋರ್ಡಿಗೇ ಬೆಸೆದ ರ‍್ಯಾಮ್ ಇಲ್ಲ, ವಿಂಡೋಸ್ 11. ಬರುವಾಗ 8 ಜಿಬಿ ಡಿಡಿಆರ್4ನ ಒಂದೇ ಸ್ಟಿಕ್ ಇತ್ತು, ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಪೀಡ್ 3200 ಅಂತಲೇ ಕಾಣ್ತಿತ್ತು. ಖಾಲಿ ಇದ್ದ ಸ್ಲಾಟಿಗೆ 16 ಜಿಬಿ ಹಾಕಿದೆ. ಡಬ್ಬದ ಮೇಲೂ ಸ್ಟಿಕ್ ಮೇಲೂ 3200 ಅಂತ ದಪ್ಪಕ್ಷರದಲ್ಲಿದೆ. 24 ಜಿಬಿ ಸರಿಯಾಗಿ ಗುರುತಿಸ್ತಿದೆ, ಸ್ಪೀಡ್ ಮಾತ್ರ 2667ಕ್ಕೆ ಇಳಿದಿದೆ.

ಮಾಡಿ ನೋಡಿದ್ದು:
ಸ್ಲಾಟ್ ಅದಲುಬದಲು ಮಾಡಿದರೆ 2667.
ಹೊಸದೊಂದನ್ನೇ ಹಾಕಿದರೆ 2667.
ಹಳೇದೊಂದನ್ನೇ ಹಾಕಿದರೆ 3200.
ಬಯೋಸ್‌ನಲ್ಲಿ (ಆನ್ ಮಾಡಿದ ಕೂಡಲೇ ಮೊದಲು ಓಡುವ ಬೋರ್ಡಿನ ಪ್ರೋಗ್ರಾಂ) ಮೆಮೊರಿ ಸ್ಪೀಡ್ ಬದಲಿಸುವ ಆಯ್ಕೆಯೇ ಇಲ್ಲ.

ಅಂಗಡಿಯಲ್ಲಿ "ನಿಮ್ಮ ಲ್ಯಾಪ್‌ಟಾಪೇ ಸಪೋರ್ಟ್ ಮಾಡಲ್ಲ, ನಮ್ಮ ಮಾಲಲ್ಲಿ ಏನೂ ತೊಂದರೆ ಇಲ್ಲ" ಅಂತಾರೆ. ಹಳೇ ಸ್ಟಿಕ್ 3200ಕ್ಕೆ ಓಡ್ತಿರುವಾಗ ಇದು ಹೇಗೆ ಸಾಧ್ಯ? ಬದಲಿಸಿಕೊಳ್ಳೋಕೆ ಇನ್ನೂ ಅವಧಿ ಇದೆ.

ಸೀಗೆಗುಡ್ಡ

ನಿಮ್ಮ ಪರೀಕ್ಷೆಯಲ್ಲೇ ಮುಕ್ಕಾಲು ಉತ್ತರ ಸಿಕ್ಕಿದೆ. ಹಳೇದು ಒಂಟಿಯಾಗಿ 3200, ಹೊಸದು ಒಂಟಿಯಾಗಿ 2667. ಅಂದಮೇಲೆ ಪ್ರೊಸೆಸರ್, ಬೋರ್ಡ್, ಬಯೋಸ್ ಮೂರಕ್ಕೂ 3200 ಗೊತ್ತು. 1135ಜಿ7 ಡಿಡಿಆರ್4ನಲ್ಲಿ 3200ರವರೆಗೆ ಹೋಗುತ್ತೆ ಅಂತ ಇಂಟೆಲ್ ಕೊಟ್ಟಿರುವ ವಿವರಪಟ್ಟಿಯಲ್ಲೇ ಇದೆ. ತಗಾದೆ ಇರೋದು ಹೊಸ ಸ್ಟಿಕ್‌ನಲ್ಲಿ. ಅಂಗಡಿಯವರ ಮಾತು ಅರ್ಧ ಸರಿ, ಅದಕ್ಕೆ ಆಮೇಲೆ ಬರ್ತೀನಿ.

ಸ್ಟಿಕ್ಕರ್ ಮೇಲೆ ಬರೆದಿದ್ದನ್ನ ಬಯೋಸ್ ಓದೋದಿಲ್ಲ. ಪ್ರತಿ ಸ್ಟಿಕ್ ಮೇಲೆ ಎಸ್‌ಪಿಡಿ ಅಂತ ಒಂದು ಪುಟ್ಟ ಚಿಪ್ ಇರುತ್ತೆ. ಪವರ್ ಕೊಟ್ಟ ಕೂಡಲೇ ಬಯೋಸ್ ಅದನ್ನ ತೆರೆದು, ಎಷ್ಟು ಜಿಬಿ, ಯಾವ ವೇಗಕ್ಕೆ ಯಾವ ಟೈಮಿಂಗ್ (ಡೇಟಾ ಕೊಡೋಕೆ ಎಷ್ಟು ಕ್ಲಾಕ್ ಕಾಯಬೇಕು ಅನ್ನೋ ಅಂಕೆಗಳು), ಎಷ್ಟು ವೋಲ್ಟ್ ಅಂತ ನೋಡಿಕೊಳ್ಳುತ್ತೆ. ಆ ಪಟ್ಟಿಯಲ್ಲಿ ಎರಡು ಭಾಗ ಇರಬಹುದು. ಒಂದು ಜೆಡೆಕ್ ಪಟ್ಟಿ, ಅಂದರೆ ಮೆಮೊರಿಗೆ ಮಾನದಂಡ ಹಾಕೋ ಸಂಸ್ಥೆಯ ಲೆಕ್ಕದ ಪಟ್ಟಿ, ಇದು ಎಲ್ಲ ಸ್ಟಿಕ್‌ನಲ್ಲೂ ಇರಲೇಬೇಕು, ಎಲ್ಲ ಲ್ಯಾಪ್‌ಟಾಪೂ ಓದುತ್ತೆ. ಇನ್ನೊಂದು ಎಕ್ಸ್‌ಎಂಪಿ. ಇದು ಓವರ್‌ಕ್ಲಾಕ್ ಪ್ರೊಫೈಲು, ಅಂದರೆ ಮಾನದಂಡ ಮೀರಿ ವೇಗ ಏರಿಸೋ ಪಟ್ಟಿ, ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಬಹುಪಾಲು ಲ್ಯಾಪ್‌ಟಾಪ್‌ಗಳ ಬಯೋಸ್ ಎಕ್ಸ್‌ಎಂಪಿ ಕಡೆ ತಿರುಗಿಯೂ ನೋಡಲ್ಲ.

ನನ್ನ ಅನುಮಾನ: ನಿಮ್ಮ ಹೊಸ ಸ್ಟಿಕ್‌ನ 3200 ಅನ್ನೋದು ಎಕ್ಸ್‌ಎಂಪಿ ಭಾಗದಲ್ಲಿ ಮಾತ್ರ ಇದೆ, ಜೆಡೆಕ್ ಪಟ್ಟಿ 2666ಕ್ಕೇ ನಿಂತಿದೆ. ಖಾತ್ರಿ ಮಾಡಿಕೊಳ್ಳಲು ಸಿಪಿಯು-ಝಡ್ ಅನ್ನೋ, ಯಂತ್ರದ ವಿವರ ತೋರಿಸೋ ಸಾಫ್ಟ್‌ವೇರ್ ಹಾಕಿ, ಎಸ್‌ಪಿಡಿ ಟ್ಯಾಬ್ ತೆಗೆದು, ಮೇಲಿರುವ ಸ್ಲಾಟ್ ಪಟ್ಟಿಯಿಂದ ಹೊಸ ಸ್ಟಿಕ್ ಇರುವ ಸ್ಲಾಟ್ ಆರಿಸಿ. ಮೂರು ವಿಷಯ ಬರೆದು ಹಾಕಿ: ಮ್ಯಾಕ್ಸ್ ಬ್ಯಾಂಡ್‌ವಿಡ್ತ್ ಎದುರು ಏನಿದೆ, ಪಾರ್ಟ್ ನಂಬರ್ ಏನು, ಕೆಳಗಿನ ಟೈಮಿಂಗ್ ಟೇಬಲ್‌ನ ಕೊನೇ ಕಾಲಂಗಳ ಹೆಸರೇನು. ಕೆಲವು ಲ್ಯಾಪ್‌ಟಾಪ್‌ನಲ್ಲಿ ಆ ಟ್ಯಾಬ್ ಖಾಲಿ ಬರುತ್ತೆ. ಹಾಗಾದರೆ ಎಚ್‌ಡಬ್ಲ್ಯೂಇನ್ಫೋದಲ್ಲಿ ಮೆಮೊರಿ ವಿಭಾಗ ತೆಗೆಯಿರಿ, ಅಲ್ಲಿ ಅದೇ ಮಾಹಿತಿ ಇನ್ನೂ ವಿವರವಾಗಿ ಸಿಗುತ್ತೆ.

ಬೈಟ್_ಬೇಲೂರು

ಧೂಳು ಕೂತಿರಬೇಕು ನೋಡಿ. ಸ್ಟಿಕ್ ತೆಗೆದು ಚಿನ್ನದ ಬಣ್ಣದ ಪಟ್ಟಿಗೆ ರಬ್ಬರ್ ಹಾಕಿ ಉಜ್ಜಿ, ಸರಿಹೋಗುತ್ತೆ.

ಐಜಿ_ರೋಡ್_ರಿಪೇರಿ, ಚಿಕ್ಕಮಗಳೂರು

ಕಾಂಟ್ಯಾಕ್ಟ್ ಕೊಳೆ ಆದರೆ ಸ್ಟಿಕ್ ಕಾಣೆಯಾಗುತ್ತೆ, ಬೀಪ್ ಹೊಡೆಯುತ್ತೆ, ಆನ್ ಆಗಲ್ಲ, ಇಲ್ಲ ನೀಲಿ ಪರದೆ ಬರುತ್ತೆ. ಪ್ರತಿ ಸಲವೂ ನೀಟಾಗಿ 2667ಕ್ಕೆ ಬಂದು ನಿಲ್ಲೋದು ಕೊಳೆಯ ಲಕ್ಷಣ ಅಲ್ಲ. ಅದೂ ಹಳೇ ಸ್ಟಿಕ್ ಅದೇ ಸ್ಲಾಟಲ್ಲಿ 3200ಕ್ಕೆ ಓಡ್ತಿರುವಾಗ.

ರಬ್ಬರ್ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಮಳೆಗಾಲದಲ್ಲಿ ಮೂಡಿಗೆರೆ, ಕಳಸ, ಸಕಲೇಶಪುರ ಕಡೆ ತಿಂಗಳುಗಟ್ಟಲೆ ಥಂಡಿ ಹಿಡಿದಿರುತ್ತೆ, ಹಳೇ ಸ್ಟಿಕ್‌ನ ಕಾಂಟ್ಯಾಕ್ಟ್ ಮಸುಕಾಗೋದು ನಿಜ. ಆದರೆ ಚಿನ್ನದ ಲೇಪ ತೀರಾ ತೆಳು, ರಬ್ಬರ್ ಅದನ್ನ ತಿನ್ನುತ್ತೆ. ಉದುರಿದ ಪುಡಿ ಸ್ಲಾಟ್ ಒಳಗೆ ಕೂತರೆ ಇನ್ನೊಂದು ತಲೆನೋವು. 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೂಲು ಬಿಡದ ಬಟ್ಟೆ ಅದ್ದಿ ಒಂದೇ ದಿಕ್ಕಿಗೆ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಹೊಚ್ಚ ಹೊಸ ಸ್ಟಿಕ್‌ಗೆ ಇದು ಯಾವುದೂ ಬೇಡ.

ಬಿಎಂ_ರೋಡ್, ಹಾಸನ

ಸಿಪಿಯು-ಝಡ್ ಹಾಕಿದೆ.

ಹಳೇ 8 ಜಿಬಿ: ಮ್ಯಾಕ್ಸ್ ಬ್ಯಾಂಡ್‌ವಿಡ್ತ್ ಡಿಡಿಆರ್4-3200, ಆವರಣದಲ್ಲಿ 1600 ಮೆಗಾಹರ್ಟ್ಸ್. ಕೊನೇ ಕಾಲಂ 1600, ಟೈಮಿಂಗ್ 22-22-22, 1.20 ವೋಲ್ಟ್. ಎಕ್ಸ್‌ಎಂಪಿ ಅಂತ ಎಲ್ಲೂ ಇಲ್ಲ.

ಹೊಸ 16 ಜಿಬಿ: ಮ್ಯಾಕ್ಸ್ ಬ್ಯಾಂಡ್‌ವಿಡ್ತ್ ಡಿಡಿಆರ್4-2666, ಆವರಣದಲ್ಲಿ 1333 ಮೆಗಾಹರ್ಟ್ಸ್. ಜೆಡೆಕ್ ಕಾಲಂಗಳು 1333ಕ್ಕೆ ಮುಗಿಯುತ್ತವೆ, 19-19-19, 1.20 ವೋಲ್ಟ್. ಆಮೇಲೆ ಎಕ್ಸ್‌ಎಂಪಿ-3200 ಅಂತ ಒಂದು ಕಾಲಂ, 16-18-18, 1.35 ವೋಲ್ಟ್.

ಸೀಗೆಗುಡ್ಡ

ಅಲ್ಲಿಗೆ ಕೇಸು ಮುಗೀತು. 1.35 ವೋಲ್ಟ್ ಅನ್ನೋ ಕಾಲಂ ನೋಡಿ. ಆ ಸ್ಟಿಕ್ 3200 ಮುಟ್ಟಬೇಕಾದರೆ ಡಿಡಿಆರ್4ನ ಮಾಮೂಲಿ 1.2 ವೋಲ್ಟ್ ಸಾಲದು, 1.35 ಕೊಡಬೇಕು. ನಿಮ್ಮ ಲ್ಯಾಪ್‌ಟಾಪ್ ಕೊಡೋದು 1.2 ಮಾತ್ರ, ಎಕ್ಸ್‌ಎಂಪಿ ಆನ್ ಮಾಡೋಕೂ ದಾರಿ ಇಲ್ಲ. ಹಾಗಾಗಿ ಬಯೋಸ್ ಜೆಡೆಕ್ ಪಟ್ಟಿಯ ತುದಿಗೆ, ಅಂದರೆ 2666ಕ್ಕೆ ಬಂದು ನಿಂತಿದೆ. 2666 ಮತ್ತು 2667 ಒಂದೇ, ಲೆಕ್ಕದಲ್ಲಿ 2666.67 ಬರೋದನ್ನ ಒಬ್ಬರು ಕೆಳಕ್ಕೆ, ಒಬ್ಬರು ಮೇಲಕ್ಕೆ ಬರೀತಾರೆ ಅಷ್ಟೆ.

ಇನ್ನು ಹಳೇ ಸ್ಟಿಕ್ ಯಾಕೆ ಇಳೀತು ಅಂದರೆ, ಮೆಮೊರಿ ಕಂಟ್ರೋಲರ್ ಎರಡೂ ಸ್ಟಿಕ್ಕನ್ನು ಒಂದೇ ಕ್ಲಾಕ್‌ನಲ್ಲಿ ಓಡಿಸುತ್ತೆ. ಶಿರಾಡಿ ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡ ಕಾರಿನ ಪಾಡು ಅದರದ್ದು.

ಅಂಗಡಿಯವರು ಹೇಳಿದ್ದರಲ್ಲಿ ಸರಿಯಾದ ಅರ್ಧ ಇದು: ನಿಮ್ಮ ಲ್ಯಾಪ್‌ಟಾಪ್ ಎಕ್ಸ್‌ಎಂಪಿ ಸಪೋರ್ಟ್ ಮಾಡಲ್ಲ. ತಪ್ಪಾದ ಅರ್ಧ: 3200 ಸಪೋರ್ಟ್ ಮಾಡಲ್ಲ ಅಂದದ್ದು. ಜಗಳ ಬೇಡ, ಹೋಗಿ ಇಷ್ಟೇ ಕೇಳಿ: "16 ಜಿಬಿ ಡಿಡಿಆರ್4 ಲ್ಯಾಪ್‌ಟಾಪ್ ರ‍್ಯಾಮ್, ಜೆಡೆಕ್ 3200, ಸಿಎಲ್22, 1.2 ವೋಲ್ಟ್." ಸಿಎಲ್ ಅಂದರೆ ಟೈಮಿಂಗ್‌ನ ಮೊದಲ ಅಂಕೆ. ಗೇಮಿಂಗ್ ಡಿಸೈನಿನ ಬಣ್ಣಬಣ್ಣದ ಸ್ಟಿಕ್ಕರ್ ಇಲ್ಲದ ಮಾಮೂಲಿ ಹಸಿರು ಅಥವಾ ಕಪ್ಪು ಸ್ಟಿಕ್ಕೇ ನಿಮಗೆ ಬೇಕಾದ್ದು. ಸಿಎಲ್16 ನೋಡಿ ಸಿಎಲ್22 ನಿಧಾನ ಅನ್ಕೊಂಡು ಬಿಡಬೇಡಿ, ಆ 16 ನಿಮ್ಮ ಮೆಷಿನ್‌ನಲ್ಲಿ ಯಾವತ್ತೂ ಬರಲ್ಲ. ಈಗ ಓಡ್ತಿರೋದು 2666ರಲ್ಲಿ ಸಿಎಲ್19, ಅಂದರೆ ಸುಮಾರು 14.25 ನ್ಯಾನೊಸೆಕೆಂಡ್. 3200ರಲ್ಲಿ ಸಿಎಲ್22 ಆದರೆ 13.75. ಸಿಎಲ್ ಅಂಕೆಯನ್ನ 2000ದಿಂದ ಗುಣಿಸಿ ಸ್ಪೀಡ್‌ನಿಂದ ಭಾಗಿಸಿದರೆ ನೀವೇ ಲೆಕ್ಕ ಹಾಕಬಹುದು.

ಗೇಮಿಂಗ್ ಹೆಸರಿನ ಎಲ್ಲ ಲ್ಯಾಪ್‌ಟಾಪ್ ರ‍್ಯಾಮೂ ಹೀಗೆ ಅಂತ ಅಲ್ಲ. ಕಿಂಗ್‌ಸ್ಟನ್ ಫ್ಯೂರಿ ಇಂಪ್ಯಾಕ್ಟ್‌ನಲ್ಲಿ ಪ್ಲಗ್ ಎನ್ ಪ್ಲೇ ಅಂತ ಬರುವ ಮಾದರಿಗಳು ತಮ್ಮ ವೇಗವನ್ನ ಎಕ್ಸ್‌ಎಂಪಿ ಹಂಗಿಲ್ಲದೆ ಮಾಮೂಲಿ ಪಟ್ಟಿಯಲ್ಲೇ ಬರೆದಿಟ್ಟಿರುತ್ತವೆ, ಅವು ತಾವಾಗಿಯೇ ಏರುತ್ತವೆ. ಡಬ್ಬದ ಅಂದ ಬಿಟ್ಟು ಡೇಟಾಶೀಟ್ ನೋಡಬೇಕು.

ಬೈಟ್_ಬೇಲೂರು

ಬದಲಾಯಿಸೋ ರಗಳೆ ಯಾಕೆ? ಎಸ್‌ಪಿಡಿ ತಿದ್ದೋ ಸಾಫ್ಟ್‌ವೇರ್ ಸಿಗುತ್ತಲ್ಲ, ಅದರಲ್ಲಿ ಜೆಡೆಕ್ ಕಾಲಂಗೇ 3200 ಬರೆದರೆ ಆಯ್ತು.

ಸೀಗೆಗುಡ್ಡ

ದಯವಿಟ್ಟು ಬೇಡ. ಆ ಚಿಪ್‌ಗಳು 1.35 ವೋಲ್ಟಲ್ಲಿ 3200 ಮುಟ್ಟೋದಕ್ಕೆ ಆರಿಸಿದವು. 1.2ರಲ್ಲಿ ಬಲವಂತ ಮಾಡಿದರೆ ಒಂದೋ ಬೂಟ್ ಆಗಲ್ಲ, ಇಲ್ಲವೇ ಬೂಟ್ ಆಗಿ ಎರಡು ವಾರದ ನಂತರ ಒಂದು ಎಕ್ಸೆಲ್ ಫೈಲ್ ಕೆಡುತ್ತೆ. ಎರಡನೇದೇ ಹೆಚ್ಚು ಅಪಾಯ, ಯಾಕೆಂದರೆ ಅದಕ್ಕೆ ರ‍್ಯಾಮ್ ಕಾರಣ ಅಂತ ಯಾರಿಗೂ ಹೊಳೆಯಲ್ಲ. ಬರೆಯುವಾಗ ಕರೆಂಟ್ ಹೋದರೆ ಎಸ್‌ಪಿಡಿಯೇ ಕೆಟ್ಟು ಸ್ಟಿಕ್ ಗುರುತು ಸಿಗದಂತಾಗುತ್ತೆ, ವಾರಂಟಿಯೂ ಹೋಯ್ತು. ಬದಲಿಸಿಕೊಳ್ಳೋ ಅವಧಿ ಇರುವಾಗ ಇದಕ್ಕೆ ಕೈ ಹಾಕೋದು ಇರೋ ಕೆಲಸ ಬಿಟ್ಟು ಇಲ್ಲದ್ದು ಹುಡುಕಿದ ಹಾಗೆ.

ಐಜಿ_ರೋಡ್_ರಿಪೇರಿ, ಚಿಕ್ಕಮಗಳೂರು

ಬದಲಿಸೋಕೆ ಹೋದಾಗ ಕೌಂಟರ್ ಮೇಲೇ ಸ್ಟಿಕ್ ಓದೋದು ಹೇಗೆ ಅಂತ ಹೇಳ್ತೀನಿ, ಡಬ್ಬ ನಂಬಬೇಡಿ.

ಸ್ಟಿಕ್‌ನ ಬಿಳಿ ಲೇಬಲ್ ಮೇಲೆ ಒಂದು ಸಾಲು ಇರುತ್ತೆ, ಉದಾಹರಣೆಗೆ: 16ಜಿಬಿ 2ಆರ್‌ಎಕ್ಸ್8 ಪಿಸಿ4-3200ಎಎ-ಎಸ್‌ಇ1-11. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಸ್ಟಿಕ್‌ಗಳಲ್ಲಿ ಇದು ಇರುತ್ತೆ. ಇದರಲ್ಲಿ 3200ರ ಪಕ್ಕದ ಎರಡು 'ಎ' ಮುಖ್ಯ. 3200ಎಎ ಅಂದರೆ ಜೆಡೆಕ್ 3200, 22-22-22. 2933ವೈ ಅಂದರೆ ಸಿಎಲ್21, 2666ವಿ ಅಂದರೆ ಸಿಎಲ್19, 2400ಟಿ ಅಂದರೆ ಸಿಎಲ್17.

ಸಾಲು ಅಳಿಸಿಹೋಗಿದ್ದರೆ ಪಾರ್ಟ್ ನಂಬರಿನ ಬಾಲ ನೋಡಿ. ಸ್ಯಾಮ್‌ಸಂಗ್‌ನಲ್ಲಿ ಕೊನೆಗೆ ಸಿಡಬ್ಲ್ಯೂಇ ಇದ್ದರೆ 3200, ಸಿಟಿಡಿ ಇದ್ದರೆ 2666, ಸಿಆರ್‌ಸಿ ಇದ್ದರೆ 2400. ಹೈನಿಕ್ಸ್‌ನಲ್ಲಿ ಎಕ್ಸ್‌ಎನ್ 3200, ವಿಕೆ 2666, ಯುಎಚ್ 2400. ಮೈಕ್ರಾನ್‌ನಲ್ಲಿ 3ಜಿ2 ಅಂದರೆ 3200, 2ಜಿ6 ಅಂದರೆ 2666. ಕಿಂಗ್‌ಸ್ಟನ್ ಮಾಮೂಲಿ ಸ್ಟಿಕ್ ಕೆವಿಆರ್32ಎಸ್22 ಅಂತ ಶುರುವಾದರೆ ಒಳಗೇ ಎಲ್ಲ ಇದೆ: 32 ಅಂದರೆ 3200, ಎಸ್ ಅಂದರೆ ಲ್ಯಾಪ್‌ಟಾಪ್ ಅಳತೆ, 22 ಅಂದರೆ ಸಿಎಲ್. ಕೆವಿಆರ್26ಎಸ್19 ಕೈಗೆ ಕೊಟ್ಟರೆ ಹಾಗೇ ವಾಪಸ್ ಕೊಡಿ.

ಪಿಸಿ4-25600 ಅಂತ ಬರೆದಿದ್ದರೂ ಗಾಬರಿ ಬೇಡ. ಅದು ಸೆಕೆಂಡಿಗೆ ಎಷ್ಟು ಮೆಗಾಬೈಟ್ ಅನ್ನೋ ಲೆಕ್ಕ, 8ರಿಂದ ಭಾಗಿಸಿದರೆ 3200 ಸಿಗುತ್ತೆ. ಪಿಸಿ4-21300 ಅಂದರೆ 2666, ಪಿಸಿ4-19200 ಅಂದರೆ 2400. ಆದರೆ ಹುಷಾರು, ಎಕ್ಸ್‌ಎಂಪಿ ಸ್ಟಿಕ್ ಮೇಲೂ ಪಿಸಿ4-25600 ಅಂತ ಅಚ್ಚು ಹಾಕಿರ್ತಾರೆ. ಅದಕ್ಕೇ ವೋಲ್ಟ್ ನೋಡಿ ಅಂತ ಹೇಳೋದು. ಡಿಡಿಆರ್4 ಲೇಬಲ್ ಮೇಲೆ 1.35 ವೋಲ್ಟ್ ಕಂಡರೆ ಆ ಸ್ಪೀಡು ಎಕ್ಸ್‌ಎಂಪಿಯದ್ದೇ.

ರ‍್ಯಾಂಕ್ ವಿಷಯ (ಲೇಬಲ್‌ನಲ್ಲಿ ಆರ್‌ಗೆ ಮುಂಚಿನ ಅಂಕೆ ಚಿಪ್‌ಗಳ ಗುಂಪು ಎಷ್ಟು ಅಂತ, ಎಕ್ಸ್ ನಂತರದ್ದು ಒಂದೊಂದು ಚಿಪ್ ಎಷ್ಟು ಬಿಟ್ ಅಗಲ ಅಂತ): 16 ಜಿಬಿಯಲ್ಲಿ 1ಆರ್‌ಎಕ್ಸ್8 ಸಿಕ್ಕರೂ ಸರಿ, 2ಆರ್‌ಎಕ್ಸ್8 ಸಿಕ್ಕರೂ ಸರಿ. 8 ಜಿಬಿ ತಗೊಳ್ಳೋರು ಮಾತ್ರ 1ಆರ್‌ಎಕ್ಸ್16 ತಪ್ಪಿಸಿ, ಸ್ಟಿಕ್ ಮೇಲೆ ಬರೀ ನಾಲ್ಕು ದೊಡ್ಡ ಚಿಪ್ ಇದ್ದರೆ ಅದೇ. ಡಿಡಿಆರ್4ನಲ್ಲಿ ಎಕ್ಸ್16 ಚಿಪ್‌ಗೆ ಎರಡೇ ಬ್ಯಾಂಕ್ ಗ್ರೂಪ್ (ಒಟ್ಟೊಟ್ಟಿಗೆ ಕೆಲಸ ಮಾಡಬಲ್ಲ ಒಳಗಿನ ಭಾಗಗಳು), ಎಕ್ಸ್8ಗೆ ನಾಲ್ಕು. ಕಾಗದದ ಮೇಲೆ ಎರಡೂ 3200, ಕೆಲಸದಲ್ಲಿ ಎಕ್ಸ್16 ಹಿಂದೆ ಬೀಳುತ್ತೆ. ಟಾಸ್ಕ್ ಮ್ಯಾನೇಜರ್‌ಗೆ ಇದು ಕಾಣೋದೇ ಇಲ್ಲ.

ಮೂಡಿಗೆರೆ_ಮಳೆ

ಇಲ್ಲೇ ಕೇಳ್ತೀನಿ, ಹೊಸ ಎಳೆ ಬೇಡ ಅಂತ. ನನ್ನದು ಐ5-10210ಯು. 8 ಜಿಬಿ 2666 ಇತ್ತು, ಇನ್ನೊಂದು 8 ಜಿಬಿ 3200 ತಂದೆ, ಲೇಬಲ್ ಮೇಲೆ 3200ಎಎ ಇದೆ, ಎಕ್ಸ್‌ಎಂಪಿ ಇಲ್ಲ. ಆದರೂ 2667. ಹಳೇದನ್ನ ತೆಗೆದು ಹೊಸದೊಂದನ್ನೇ ಹಾಕಿದರೂ 2667! ಜೊತೆಗೆ ಸಿಪಿಯು-ಝಡ್‌ನ ಮೆಮೊರಿ ಟ್ಯಾಬಲ್ಲಿ ಡಿರ‍್ಯಾಮ್ ಫ್ರೀಕ್ವೆನ್ಸಿ ಒಮ್ಮೆ 1333, ಒಮ್ಮೆ ಅದಕ್ಕಿಂತಲೂ ಕಮ್ಮಿ. ರ‍್ಯಾಮ್ ಹಾಳಾಗಿದೆಯಾ?

ಕೆಮ್ಮಣ್ಣುಗುಂಡಿ_ಕರ್ನಲ್

ಹಾಳಾಗಿಲ್ಲ. ನಿಮ್ಮದರಲ್ಲಿ ಎರಡು ಬೇರೆ ಬೇರೆ ವಿಷಯ ಇದೆ, ಬಿಡಿಸಿ ನೋಡೋಣ.

ಮೊದಲನೇದು, ಮಿತಿ. ನಿಮ್ಮಲ್ಲಿ ತಡೆಯೋದು ಸ್ಟಿಕ್ ಅಲ್ಲ, ಪ್ರೊಸೆಸರ್. 10210ಯು ಡಿಡಿಆರ್4ನಲ್ಲಿ 2666ಕ್ಕಿಂತ ಮೇಲೆ ಹೋಗಲ್ಲ. 3200ರ ಸ್ಟಿಕ್‌ನ ಎಸ್‌ಪಿಡಿಯಲ್ಲಿ ಕೆಳಗಿನ ವೇಗಗಳಿಗೂ ಟೈಮಿಂಗ್ ಇರುತ್ತೆ, ಅದರಲ್ಲಿ ಒಂದನ್ನ ಆರಿಸಿಕೊಂಡು ಓಡ್ತಿದೆ. ಬಯೋಸ್ ಅಪ್‌ಡೇಟ್ ಮಾಡಿದರೂ ಇದು ಏರಲ್ಲ. ವಾಪಸ್ ಕೊಟ್ಟು 2666 ತರೋ ಅಗತ್ಯವೂ ಇಲ್ಲ, ಮುಂದೆ ಬೇರೆ ಲ್ಯಾಪ್‌ಟಾಪಿಗೆ ಹಾಕಿದರೆ 3200ಕ್ಕೆ ಓಡುತ್ತೆ.

ನಮ್ಮ ಕಡೆ ಜನರ ಕೈಯಲ್ಲಿ ಹೆಚ್ಚಾಗಿ ಇರುವ ಪ್ರೊಸೆಸರ್‌ಗಳ ಡಿಡಿಆರ್4 ಮಿತಿ ಇಲ್ಲಿದೆ, ಸ್ಟಿಕ್ ಕೊಳ್ಳೋ ಮುಂಚೆ ನೋಡ್ಕೊಳ್ಳಿ: ಐ5-7200ಯು 2133. ಐ5-8250ಯು 2400. ಐ5-9300ಎಚ್ 2666. ಐ5-10300ಎಚ್ 2933. ಐ5-1135ಜಿ7 ಮತ್ತು ಐ5-11400ಎಚ್ 3200. ಎಎಂಡಿ ಕಡೆ ರೈಜನ್ 5 3500ಯು 2400, 5500ಯು ಮತ್ತು 5600ಎಚ್ 3200. 8250ಯುಗೆ 3200 ಹಾಕಿ 2400 ಬಂತು ಅಂತ ಗೋಳಾಡೋ ಪೋಸ್ಟ್ ತಿಂಗಳಿಗೊಂದು ಬರುತ್ತೆ, ಅದಕ್ಕೇ ಇಷ್ಟುದ್ದ ಬರೆದೆ.

ಎರಡನೇದು, ಏರಿಳಿತ. ಸಿಪಿಯು-ಝಡ್ ತೋರಿಸೋದು ಆ ಕ್ಷಣದ ನಿಜವಾದ ಕ್ಲಾಕ್. ಡಿಡಿಆರ್ ಪ್ರತಿ ಕ್ಲಾಕ್‌ಗೆ ಎರಡು ಸಲ ಡೇಟಾ ಸಾಗಿಸುತ್ತೆ, ಆದ್ದರಿಂದ 1333 ಮೆಗಾಹರ್ಟ್ಸ್ ಕಂಡರೆ 2666, 1600 ಕಂಡರೆ 3200. ಅರ್ಧ ಕಂಡಿತು ಅಂತ ಅಂಗಡಿಗೆ ಓಡೋರು ಇದ್ದಾರೆ. ಅದಕ್ಕಿಂತ ಕೆಳಗೆ ಇಳಿಯೋದು ಇಂಟೆಲ್‌ನ ಎಸ್‌ಎಜಿವಿ ಅನ್ನೋ ವಿದ್ಯುತ್ ಉಳಿತಾಯದ ಏರ್ಪಾಡಿನಿಂದ. ಕೆಲಸ ಇಲ್ಲದಾಗ, ಅದರಲ್ಲೂ ಬ್ಯಾಟರಿಯಲ್ಲಿ ಇರುವಾಗ, ಮೆಮೊರಿ ಕ್ಲಾಕ್ ಇಳಿಸಿ ಇಡುತ್ತೆ. ಲೋಡ್ ಬಂದ ಕೂಡಲೇ ಏರಿಸುತ್ತೆ. ನೋಡಬೇಕಾದರೆ ಚಾರ್ಜರ್ ಹಾಕಿ, ಸಿಪಿಯು-ಝಡ್ ಒಂದು ಪಕ್ಕ ತೆರೆದಿಟ್ಟು, ಇನ್ನೊಂದು ಪಕ್ಕ 7-ಜಿಪ್‌ನ ಬೆಂಚ್‌ಮಾರ್ಕ್ ಓಡಿಸಿ. ಆಗ 1333 ಹಿಡಿದು ನಿಂತರೆ ಎಲ್ಲ ಸರಿ.

ಟಾಸ್ಕ್ ಮ್ಯಾನೇಜರ್ ಈ ಏರಿಳಿತ ತೋರಿಸಲ್ಲ. ಬೂಟ್ ಆಗುವಾಗ ಬಯೋಸ್ ಬರೆದಿಟ್ಟ ಸಂಖ್ಯೆಯನ್ನೇ ಅದು ಓದಿ ಹೇಳೋದು. ಲಿನಕ್ಸ್‌ನಲ್ಲಿ ಡಿಎಂಐಡಿಕೋಡ್ ಅನ್ನೋ ಕಮಾಂಡ್ ಕೊಡುವುದೂ ಅದೇ ದಾಖಲೆ. ಟೈಪ್ 17 ಕೊಟ್ಟು ರೂಟ್ ಆಗಿ ಓಡಿಸಿದರೆ ಪ್ರತಿ ಸ್ಟಿಕ್‌ಗೂ ಎರಡು ಸಾಲು ಬರುತ್ತೆ: ಸ್ಪೀಡ್ ಅನ್ನೋದು ಸ್ಟಿಕ್‌ನ ಸಾಮರ್ಥ್ಯ, ಕಾನ್ಫಿಗರ್ಡ್ ಮೆಮೊರಿ ಸ್ಪೀಡ್ ಅನ್ನೋದು ಈಗ ನಿಗದಿಯಾಗಿರುವುದು. ನಿಮ್ಮ ಮೆಷಿನ್‌ನಲ್ಲಿ ಹೊಸ ಸ್ಟಿಕ್‌ಗೆ ಮೇಲಿನ ಸಾಲಲ್ಲಿ 3200, ಕೆಳಗಿನ ಸಾಲಲ್ಲಿ 2667 ಬರಬೇಕು. ಮೂಲ ಪ್ರಶ್ನೆಯ ಸ್ಟಿಕ್‌ನ ಹಾಗಿದ್ದರೆ ಎರಡೂ ಸಾಲಲ್ಲಿ 2667 ಬರುತ್ತೆ. ಯಾರು ತಡೀತಿದ್ದಾರೆ, ಸ್ಟಿಕ್ಕೋ ಮೆಷಿನ್ನೋ, ಅನ್ನೋದು ಆ ಎರಡು ಸಾಲಲ್ಲೇ ಬಹುಮಟ್ಟಿಗೆ ಗೊತ್ತಾಗುತ್ತೆ, ಮುಚ್ಚಳ ಬಿಚ್ಚೋದೇ ಬೇಡ.

ಬಿಎಂ_ರೋಡ್, ಹಾಸನ

ಅಂಗಡಿಯವರು ಬದಲಿಸಿ ಕೊಡೋಕೆ ಒಪ್ಪಿದ್ದಾರೆ, ಆದರೆ ಜೆಡೆಕ್ 3200ರ 16 ಜಿಬಿ ಬೆಂಗಳೂರಿಂದ ತರಿಸಬೇಕಂತೆ. ಅಲ್ಲಿತನಕ ಈ ಸ್ಟಿಕ್ ತೆಗೆದು ಬರೀ 8 ಜಿಬಿ 3200ರಲ್ಲೇ ಇರಲಾ, ಇಲ್ಲ 24 ಜಿಬಿ 2667ರಲ್ಲಿ ಓಡಿಸಲಾ? ಯಾವುದು ವೇಗ?

ಸೀಗೆಗುಡ್ಡ

ಕಣ್ಣು ಮುಚ್ಚಿ 24 ಜಿಬಿ. ಲೆಕ್ಕ ನೋಡಿ: ಒಂದೇ ಸ್ಟಿಕ್ 3200ರಲ್ಲಿ ಒಂದೇ ಚಾನೆಲ್ (ಪ್ರೊಸೆಸರ್‌ಗೂ ಮೆಮೊರಿಗೂ ನಡುವಿನ ಡೇಟಾ ದಾರಿ), ಗರಿಷ್ಠ ಸೆಕೆಂಡಿಗೆ 25.6 ಗಿಗಾಬೈಟ್. ಎರಡು ಸ್ಟಿಕ್ 2666ರಲ್ಲಿ ಎರಡು ಚಾನೆಲ್, 42.7. ಎರಡೂ 3200 ಆದಾಗ 51.2. ಅಂದರೆ 2667 ಅಂತ ಕೊರಗೋ ನಷ್ಟಕ್ಕಿಂತ ಒಂದೇ ಸ್ಟಿಕ್‌ನಲ್ಲಿ ಇರುವ ನಷ್ಟ ಬಹಳ ದೊಡ್ಡದು.

8+16 ಜೋಡಿಯಲ್ಲಿ ಪೂರ್ತಿ 24 ಜಿಬಿಯೂ ಎರಡು ಚಾನೆಲ್‌ನಲ್ಲಿ ಇರಲ್ಲ ಅನ್ನೋದು ಗೊತ್ತಿರಲಿ. 8 ಜಿಬಿಗೆ 8 ಜಿಬಿ ಜೊತೆಯಾಗಿ 16 ಜಿಬಿ ಡ್ಯುಯಲ್ ಚಾನೆಲ್ ಆಗುತ್ತೆ, ಉಳಿದ 8 ಒಂಟಿ ಚಾನೆಲ್. ಇಂಟೆಲ್ ಇದನ್ನ ಫ್ಲೆಕ್ಸ್ ಮೋಡ್ ಅನ್ನುತ್ತೆ. ದಿನದ ಕೆಲಸಕ್ಕೆ ಇದರಿಂದ ಏನೂ ಬಾಧಕವಿಲ್ಲ.

1135ಜಿ7ಗೆ ಇನ್ನೊಂದು ಲಾಭ ಇದೆ, ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ತೆಗೆದು ನೋಡಿ. ಒಂದೇ ಸ್ಟಿಕ್ ಇದ್ದಾಗ ಅಲ್ಲಿ ಇಂಟೆಲ್ ಯುಎಚ್‌ಡಿ ಗ್ರಾಫಿಕ್ಸ್ ಅಂತ ಇದ್ದದ್ದು, ಎರಡು ಚಾನೆಲ್ ಆದಮೇಲೆ ಐರಿಸ್ ಎಕ್ಸ್‌ಇ ಅಂತ ಬದಲಾಗಿರುತ್ತೆ. ಚಿಪ್ ಅದೇ, ಎರಡು ಚಾನೆಲ್ ಕಂಡರಷ್ಟೇ ಆ ಹೆಸರು ಸಿಗೋದು. ಒಳಗಿನ ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇಲ್ಲವಲ್ಲ, ಈ ರ‍್ಯಾಮೇ ಗತಿ. ಹಾಗಾಗಿ ರ‍್ಯಾಮ್ ವೇಗದ ವ್ಯತ್ಯಾಸ ನಿಜವಾಗಿ ಕಾಣೋದು ಗೇಮ್‌ನಲ್ಲಿ, ವಿಡಿಯೊ ಎಡಿಟಿಂಗ್‌ನಲ್ಲಿ. ನುಡಿ ತೆರೆದು ಟೈಪ್ ಮಾಡೋಕೆ, ಬ್ರೌಸರ್‌ಗೆ, ಟ್ಯಾಲಿಗೆ 2667 ಆದರೇನು 3200 ಆದರೇನು, ಕಣ್ಣಿಗೆ ಕಾಣಲ್ಲ. ಬದಲಿಸಿ ಅಂತ ನಾನು ಹೇಳೋದು ಅದೇ ದುಡ್ಡಿಗೆ ಸರಿಯಾದ ಮಾಲು ಸಿಗುತ್ತೆ ಅಂತ. ಬದಲಿಸಿಕೊಳ್ಳೋ ಅವಧಿ ಮುಗಿದಿದ್ದರೆ ಹಾಗೇ ಬಿಡಿ ಅಂತಿದ್ದೆ.

ಐಜಿ_ರೋಡ್_ರಿಪೇರಿ, ಚಿಕ್ಕಮಗಳೂರು

ಬದಲಿಸುವಾಗ ಕ್ರಮ ಹೀಗಿರಲಿ.

ಮೊದಲು ಬಿಟ್‌ಲಾಕರ್, ಅಂದರೆ ಡಿಸ್ಕ್‌ನ ಡೇಟಾಗೆ ಬೀಗ ಹಾಕೋ ವಿಂಡೋಸ್ ಏರ್ಪಾಡು. ವಿಂಡೋಸ್ 11ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ನಿಮಗೇ ಗೊತ್ತಿಲ್ಲದೆ ಆನ್ ಇರಬಹುದು. ಹಾರ್ಡ್‌ವೇರ್ ಅಥವಾ ಬಯೋಸ್ ಬದಲಾದಾಗ ಕೆಲವೊಮ್ಮೆ 48 ಅಂಕಿಯ ರಿಕವರಿ ಕೀ ಕೇಳುತ್ತೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಇದೆಯಾ ನೋಡಿ, ಕಾಗದದ ಮೇಲೆ ಬರೆದಿಟ್ಟುಕೊಂಡು ಮುಂದುವರಿಯಿರಿ. ಬಯೋಸ್ ಅಪ್‌ಡೇಟ್ ಮಾಡೋದಾದರೆ ಬಿಟ್‌ಲಾಕರ್ ಸಸ್ಪೆಂಡ್ ಮಾಡಿ, ಬ್ಯಾಟರಿ ಅರ್ಧಕ್ಕಿಂತ ಮೇಲಿದ್ದು ಚಾರ್ಜರೂ ಹಾಕಿರಲಿ. ಜೂನ್, ಜುಲೈನಲ್ಲಿ ಮರ ಬಿದ್ದು ಲೈನ್ ಹೋಗೋ ಊರುಗಳಲ್ಲಿ ಬ್ಯಾಟರಿ ಸತ್ತಿರೋ ಲ್ಯಾಪ್‌ಟಾಪ್‌ಗೆ ಬಯೋಸ್ ಅಪ್‌ಡೇಟ್ ಮಾಡಬೇಡಿ.

ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಕೆಳಗಿನ ಮುಚ್ಚಳ ಬಿಚ್ಚಿ. ಸ್ಕ್ರೂಗಳು ಒಂದೇ ಉದ್ದ ಇರಲ್ಲ, ಯಾವ ತೂತಿನದು ಯಾವುದು ಅಂತ ಕಾಗದದ ಮೇಲೆ ಅದೇ ಆಕಾರದಲ್ಲಿ ಜೋಡಿಸಿಡಿ. ಉದ್ದದ್ದನ್ನ ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಮೇಲಿನ ಪ್ಲಾಸ್ಟಿಕ್ ಉಬ್ಬುತ್ತೆ. ಮುಚ್ಚಳ ತೆಗೆದ ಕೂಡಲೇ ಬ್ಯಾಟರಿ ಕನೆಕ್ಟರ್ ಬಿಡಿಸಿ. ಇದನ್ನ ಹಾರಿಸಬೇಡಿ, ಆಫ್ ಇದ್ದರೂ ಬೋರ್ಡ್‌ನಲ್ಲಿ ವೋಲ್ಟ್ ಇರುತ್ತೆ.

ಸ್ಟಿಕ್‌ನ ಎರಡೂ ಬದಿಯ ಕ್ಲಿಪ್ ಹೊರಕ್ಕೆ ಒತ್ತಿದರೆ ತಾನೇ ಎದ್ದು ನಿಲ್ಲುತ್ತೆ. ಹೊಸದನ್ನ ಸುಮಾರು 30 ಡಿಗ್ರಿ ಓರೆಯಲ್ಲಿ ಹಿಡಿದು, ಕಚ್ಚು ಹೊಂದಿಸಿ ಒಳಕ್ಕೆ ತಳ್ಳಿ. ಚಿನ್ನದ ಪಟ್ಟಿ ಒಂದು ಕೂದಲೆಳೆಯಷ್ಟು ಮಾತ್ರ ಕಾಣಬೇಕು, ಅರ್ಧ ಕಾಣ್ತಿದ್ದರೆ ಕೂತಿಲ್ಲ ಅಂತ ಅರ್ಥ. ಆಮೇಲೆ ಕೆಳಕ್ಕೆ ಒತ್ತಿದರೆ ಎರಡೂ ಕಡೆ ಟಕ್ ಅನ್ನಬೇಕು. ಕಚ್ಚು ಹೊಂದದಿದ್ದರೆ ಬಲ ಹಾಕಬೇಡಿ. ಡಿಡಿಆರ್4 ಲ್ಯಾಪ್‌ಟಾಪ್ ಸ್ಟಿಕ್‌ಗೆ 260 ಪಿನ್, ಡಿಡಿಆರ್5ಗೆ 262, ಕಚ್ಚಿನ ಜಾಗ ಬೇರೆ. ಡಿಡಿಆರ್4 ಕೇಳಿದರೆ ಡಿಡಿಆರ್5 ಕೊಟ್ಟು ಕಳಿಸೋದೂ ಉಂಟು.

ಆನ್ ಮಾಡಿದ ಮೇಲೂ ಹಳೇ ಸ್ಪೀಡೇ ಕಾಣ್ತಿದ್ದರೆ ಬಯೋಸ್‌ಗೆ ಹೋಗಿ ಲೋಡ್ ಡಿಫಾಲ್ಟ್ಸ್ ಮಾಡಿ ಸೇವ್ ಮಾಡಿ. ಆಗ ಮೆಮೊರಿಯನ್ನ ಮತ್ತೆ ಮೊದಲಿಂದ ಪರೀಕ್ಷಿಸಿ ಹೊಂದಿಸಿಕೊಳ್ಳುತ್ತೆ. ಸ್ಪೀಡ್ ಸರಿ ಬಂದರೂ ಒಂದು ರಾತ್ರಿ ಮೆಮ್‌ಟೆಸ್ಟ್86 ಓಡಿಸಿ, ಯುಎಸ್‌ಬಿ ಡ್ರೈವ್‌ನಿಂದ ಬೂಟ್ ಆಗುತ್ತೆ, ಉಚಿತ ಆವೃತ್ತಿ ನಾಲ್ಕು ಸುತ್ತು ಹೋಗುತ್ತೆ. ಒಂದೇ ಒಂದು ಎರರ್ ಬಂದರೂ ಸ್ಟಿಕ್ ವಾಪಸ್ ಕೊಡಿ. "ಒಂದು ತಾನೇ" ಅನ್ನಬೇಡಿ.

ಮೂಡಿಗೆರೆ_ಮಳೆ

7-ಜಿಪ್ ಓಡಿಸಿದಾಗ 1333 ಹಿಡಿದು ನಿಂತಿತು. ಡಿಎಂಐಡಿಕೋಡ್‌ನಲ್ಲೂ ಹೇಳಿದ ಹಾಗೇ ಬಂತು, 3200 ಮತ್ತು 2667. ಇನ್ನೊಂದು: ಮನೆಯಲ್ಲಿ ಡಿಡಿಆರ್5 ಇರೋ ಐ7-12700ಎಚ್ ಲ್ಯಾಪ್‌ಟಾಪ್ ಇದೆ, ಅದಕ್ಕೆ 5600ರ ಎರಡು ಸ್ಟಿಕ್ ಹಾಕಿದರೆ 5600 ಬರುತ್ತಾ?

ಕೆಮ್ಮಣ್ಣುಗುಂಡಿ_ಕರ್ನಲ್

ಬರಲ್ಲ, 4800 ಬರುತ್ತೆ. 12700ಎಚ್‌ನ ಡಿಡಿಆರ್5 ಮಿತಿ ಅದೇ. ಐ7-13700ಎಚ್ ಆದರೆ 5200, ರೈಜನ್ 7 7840ಎಚ್‌ಎಸ್ ಆದರೆ 5600. ನಾಲ್ಕು ಸ್ಲಾಟ್ ಇರುವ ಎಚ್‌ಎಕ್ಸ್ ಸರಣಿಯ ದೊಡ್ಡ ಮೆಷಿನ್‌ಗಳಲ್ಲಿ ನಾಲ್ಕೂ ತುಂಬಿದರೆ ಸ್ಟಿಕ್ 5600ರದ್ದಾದರೂ 4000ಕ್ಕೆ ಇಳಿಯೋದು ಸಾಮಾನ್ಯ, ಅಲ್ಲಿ ಎರಡು ದೊಡ್ಡ ಸ್ಟಿಕ್ ಹಾಕೋದೇ ಲೇಸು. ನಿಮಗೆ 4800ರದ್ದೂ 5600ರದ್ದೂ ಒಂದೇ ಬೆಲೆಗೆ ಸಿಕ್ಕರೆ 5600 ತಗೊಳ್ಳಿ, ಬೆಲೆ ಹೆಚ್ಚಿದ್ದರೆ 4800 ಸಾಕು.

ಸಿಪಿಯು-ಝಡ್‌ನಲ್ಲಿ ಡಿಡಿಆರ್5ಗೆ ಚಾನೆಲ್ ಎದುರು 4 ಇಂಟು 32 ಬಿಟ್ ಅಂತ ಬಂದರೆ ಅದು ನಾಲ್ಕು ಸ್ಟಿಕ್ ಅಲ್ಲ. ಡಿಡಿಆರ್5ನ ಒಂದೊಂದು ಸ್ಟಿಕ್ ಒಳಗೇ ಎರಡೆರಡು 32 ಬಿಟ್ ದಾರಿ ಇರುತ್ತೆ, ಎರಡು ಸ್ಟಿಕ್‌ಗೆ ನಾಲ್ಕು.

ಮತ್ತೆ, ಡಿಡಿಆರ್5 ಹೊಸ ಸ್ಟಿಕ್ ಹಾಕಿ ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಗೇ ಇರುತ್ತೆ. ಫ್ಯಾನ್ ತಿರುಗುತ್ತೆ, ಕೀಬೋರ್ಡ್ ದೀಪ ಹತ್ತುತ್ತೆ, ಬೇರೇನೂ ಇಲ್ಲ. ಅದು ಮೆಮೊರಿ ಟ್ರೈನಿಂಗ್, ಅಂದರೆ ಬಯೋಸ್ ಸ್ಟಿಕ್ಕನ್ನು ಪರೀಕ್ಷಿಸಿ ಹೊಂದಿಸಿಕೊಳ್ಳೋ ಹೊತ್ತು. ಒಂದೆರಡು ನಿಮಿಷ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯುತ್ತೆ, ಮಧ್ಯೆ ತಾನೇ ಒಮ್ಮೆ ರೀಸ್ಟಾರ್ಟ್ ಕೂಡ ಆಗಬಹುದು. ಪವರ್ ಬಟನ್ ಒತ್ತಿ ಆಫ್ ಮಾಡಿದರೆ ಮತ್ತೆ ಮೊದಲಿಂದ ಶುರು. ಚಾರ್ಜರ್ ಹಾಕಿಟ್ಟು ಹತ್ತು ನಿಮಿಷ ಬಿಡಿ. ಆಮೇಲೂ ಕಪ್ಪಗಿದ್ದರೆ ಒಂದು ಸ್ಟಿಕ್ ತೆಗೆದು ಒಂದರಲ್ಲೇ ಆನ್ ಮಾಡಿ ನೋಡಿ, ಆಮೇಲೆ ಅದೇ ಸ್ಲಾಟಿಗೆ ಇನ್ನೊಂದನ್ನ.